ಹೆಲಿಕಾಪ್ಟರ್ ಹ್ಯಾಂಗರಿನಿಂದ ಕೈಗಾರಿಕಾ ಶೆಡ್ಡಿಗೆ

ಸೇನಾಪಡೆಗಳಿಂದ ನಿವೃತ್ತರಾಗುವ ನಿರ್ವಹಣಾ ತಂತ್ರಜ್ಞರು ಮತ್ತು ಪಶ್ಚಿಮ ಬೆಂಗಳೂರಿನ ಸಣ್ಣ ಕೈಗಾರಿಕೆಗಳು

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿರುವ ನಮ್ಮ ಘಟಕಕ್ಕೆ ನಲವತ್ತರ ಆಸುಪಾಸಿನ ಒಬ್ಬರು ಉದ್ಯೋಗ ಕೇಳಿಕೊಂಡು ಬಂದಿದ್ದರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಸೇವೆ ಸಲ್ಲಿಸಿ, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹಿಡಿದು, ಇಬ್ಬರು ಮಕ್ಕಳನ್ನು ಶಾಲೆಗೆ ಸೇರಿಸಿದ್ದರು. ಅರ್ಜಿಯಲ್ಲಿ ‘ಏರ್‌ಫ್ರೇಮ್ ಫಿಟ್ಟರ್, ಹೆಲಿಕಾಪ್ಟರ್’ ಎಂದು ಬರೆದಿತ್ತು. ‘ನಮ್ಮಲ್ಲಿ ಹೆಲಿಕಾಪ್ಟರ್ ಇಲ್ಲವಲ್ಲ ಸಾರ್’ ಎಂದು ನಾವು ನಕ್ಕೆವು. ಸೆಕ್ಯುರಿಟಿ ಸೂಪರ್‌ವೈಸರ್ ಜಾಗ ಖಾಲಿಯಿದೆ, ಗೇಟಿನ ರಿಜಿಸ್ಟರ್ ನೋಡಿಕೊಳ್ಳುವಿರಾ ಎಂದು ಕೇಳಿದೆವು. ಅವರು ಬೇಸರ ತೋರಿಸದೆ ನಮಸ್ಕಾರ ಹೇಳಿ ಹೊರಟರು. ಮುಂದೆ ಅವರು ಕುಂಬಳಗೋಡಿನ ಕಡೆಯ ಬೇರೊಂದು ಘಟಕದಲ್ಲಿ ಯಂತ್ರಗಳ ನಿರ್ವಹಣೆಯ ಕೆಲಸಕ್ಕೆ ಸೇರಿದರೆಂದು ತಿಳಿಯಿತು. ಅದೇ ವರ್ಷ ನಮ್ಮ ಘಟಕದ ಹೈಡ್ರಾಲಿಕ್ ಪ್ರೆಸ್ಸು ಮೂರು ಬಾರಿ ಕೆಟ್ಟು ನಿಂತಿತು. ಮೂರನೆಯ ಬಾರಿ ಒಂದು ಆರ್ಡರು ಕೈತಪ್ಪಿತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಬಹು ಹಿಂದಿನಿಂದಲೂ ಇದೆ. ನುರಿತ ಕೆಲಸಗಾರರು ಸಿಗುತ್ತಿಲ್ಲವೆಂಬ ದೂರು ಸದಸ್ಯರ ಸಭೆಗಳಲ್ಲಿ ಪ್ರತಿ ಬಾರಿಯೂ ಕೇಳಿಬರುತ್ತದೆ. ಆದರೆ ವಿಜಯನಗರ, ಕೆಂಗೇರಿ ಉಪನಗರಗಳ ನಮ್ಮದೇ ಬೀದಿಗಳಲ್ಲಿ ನೆಲೆಸಿರುವ ಇಂತಹ ತಂತ್ರಜ್ಞರ ಅರ್ಜಿಯನ್ನು ಓದುವ ಬಗೆ ನಮಗೆ ತಿಳಿದಿಲ್ಲ. ತಮ್ಮ ಅನುಭವವನ್ನು ನಮಗೆ ಅರ್ಥವಾಗುವಂತೆ ಬರೆಯುವ ಬಗೆ ಅವರಿಗೂ ತಿಳಿದಿಲ್ಲ. ಈ ಎರಡು ಕೊರತೆಗಳ ನಡುವೆ ಉಭಯ ಪಕ್ಷಗಳಿಗೂ ಆಗುತ್ತಿರುವ ನಷ್ಟವನ್ನು ಕುರಿತು ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡಲಾಗಿದೆ.

ಸಹಿಯ ಬೆಲೆ

ಹೆಲಿಕಾಪ್ಟರ್ ನಿರ್ವಹಣೆಯು ಇತರ ಯಂತ್ರಗಳ ನಿರ್ವಹಣೆಗಿಂತ ಏಕೆ ಭಿನ್ನವೆಂಬುದನ್ನು ಮೊದಲು ತಿಳಿಯಬೇಕು. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಹೆಲಿಕಾಪ್ಟರಿನಲ್ಲಿಯೂ ಎರಡು ಎಂಜಿನ್‌ಗಳಿರಬಹುದು. ಆದರೆ ಅವೆರಡರ ಶಕ್ತಿಯನ್ನು ರೆಕ್ಕೆಗಳಿಗೆ ಮುಟ್ಟಿಸುವ ಮುಖ್ಯ ಗೇರ್‌ಬಾಕ್ಸ್ ಒಂದೇ, ರೋಟರ್ ದಂಡವೂ ಒಂದೇ. ಇವುಗಳಿಗೆ ಬದಲಿಯಿಲ್ಲ. ಆದ್ದರಿಂದ ತಿರುಗುವ ಭಾಗಗಳ ಕಂಪನ, ಲೋಹದ ದಣಿವು, ಬೇರಿಂಗ್‌ಗಳ ಸವೆತ, ಎಣ್ಣೆಯ ಗುಣ ಇವುಗಳನ್ನು ದೋಷ ಕಾಣಿಸಿಕೊಳ್ಳುವ ಮುನ್ನವೇ ಗುರುತಿಸುವುದೇ ಈ ವೃತ್ತಿಯ ಸಾರ.

ಇದಕ್ಕಾಗಿ ಅನುಸರಿಸುವ ಕ್ರಮಗಳು ಸರಳವಾದರೂ ಕಟ್ಟುನಿಟ್ಟಾದವು. ಗೇರ್‌ಬಾಕ್ಸಿನೊಳಗೆ ಅಳವಡಿಸಿದ ಆಯಸ್ಕಾಂತದ ಪ್ಲಗ್ಗನ್ನು ಬಿಚ್ಚಿ ಅದಕ್ಕೆ ಅಂಟಿದ ಲೋಹದ ಚೂರುಗಳನ್ನು ಪರೀಕ್ಷಿಸುತ್ತಾರೆ. ನಿಗದಿತ ಹಾರಾಟದ ಗಂಟೆಗಳಿಗೊಮ್ಮೆ ಎಣ್ಣೆಯ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ರೋಟರಿನ ರೆಕ್ಕೆಗಳೆಲ್ಲವೂ ಒಂದೇ ಪಥದಲ್ಲಿ ಸುತ್ತುತ್ತಿವೆಯೇ ಎಂದು ಅಳೆದು, ತೂಕ ಸೇರಿಸಿ ಅಥವಾ ತೆಗೆದು ಸಮತೋಲನಗೊಳಿಸುತ್ತಾರೆ. ಬೋಲ್ಟನ್ನು ಅಂದಾಜಿನಿಂದಲ್ಲದೆ ಮಾಪನಾಂಕ ಪರೀಕ್ಷೆಯಾದ ಟಾರ್ಕ್ ರೆಂಚಿನಿಂದ ಬಿಗಿಗೊಳಿಸಿ, ಸಡಿಲವಾಗದಂತೆ ಲಾಕ್ ವೈರ್ ಕಟ್ಟುತ್ತಾರೆ. ನಿಯಂತ್ರಣ ವ್ಯವಸ್ಥೆಯ ಭಾಗವನ್ನು ಒಬ್ಬರು ಜೋಡಿಸಿದರೆ, ಮತ್ತೊಬ್ಬರು ಸ್ವತಂತ್ರವಾಗಿ ಪರೀಕ್ಷಿಸಬೇಕು. ಸಂಜೆ ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ಅದು ಸಿಗುವವರೆಗೆ ಹೆಲಿಕಾಪ್ಟರ್ ಹಾರುವಂತಿಲ್ಲ.

ಈ ಎಲ್ಲ ಕೆಲಸಗಳೂ ವಾಯುಪಡೆಯಲ್ಲಿ ‘ಫಾರಂ 700’ ಎಂದು ಕರೆಯಲಾಗುವ ದಾಖಲೆಯಲ್ಲಿ ನಮೂದಾಗುತ್ತವೆ. ಮಾಡಿದವರ ಸಹಿ, ಪರೀಕ್ಷಿಸಿದವರ ಸಹಿ, ಕಡೆಯಲ್ಲಿ ಒಪ್ಪಿಕೊಂಡ ಪೈಲಟ್ಟಿನ ಸಹಿ. ಆ ಸಹಿಯನ್ನು ನಂಬಿ ಸಿಬ್ಬಂದಿ ಆಕಾಶಕ್ಕೇರುತ್ತಾರೆ. ಇಪ್ಪತ್ತು ವರ್ಷ ಕಾಲ ಹೀಗೆ ಸಹಿ ಹಾಕಿದ ವ್ಯಕ್ತಿಯ ಕೈಗೆ ನಾವು ಗೇಟಿನ ರಿಜಿಸ್ಟರನ್ನು ಕೊಡಲು ಹೊರಟಿದ್ದೆವು.

ನಲವತ್ತರೊಳಗೆ ನಿವೃತ್ತಿ

ವಾಯುಪಡೆಗೆ ಏರ್‌ಮನ್ ಆಗಿ ಸೇರಿದ ತರುಣರ ಮೊದಲ ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿರುವ ತರಬೇತಿ ಶಾಲೆಯಲ್ಲಿ ನಡೆಯುತ್ತದೆ. ಅನಂತರ ತಾಂತ್ರಿಕ ತರಬೇತಿ ಪಡೆದು ದೇಶದ ನಾನಾ ನೆಲೆಗಳಿಗೆ ತೆರಳುತ್ತಾರೆ. ತಂತ್ರಜ್ಞರ ಪಾಲಿಗೆ ಬೆಂಗಳೂರು ಹೊಸ ಊರಲ್ಲ. ವಾಯುಪಡೆಯ ತಾಂತ್ರಿಕ ಕಾಲೇಜು 1949ರಿಂದಲೂ ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿದೆ. ದೀರ್ಘಕಾಲ ಸೇವೆಯಲ್ಲಿದ್ದ ಎಂಐ-8 ಹೆಲಿಕಾಪ್ಟರುಗಳಿಗೆ 2017ರ ಡಿಸೆಂಬರಿನಲ್ಲಿ ವಿದಾಯ ಹೇಳಿದ್ದು ಯಲಹಂಕದಲ್ಲಿ.

ಹಿಂದಿನ ನೇಮಕಾತಿ ಪದ್ಧತಿಯಲ್ಲಿ ಏರ್‌ಮನ್‌ಗಳ ಮೊದಲ ಸೇವಾವಧಿ 20 ವರ್ಷ. ಹದಿನೆಂಟು, ಇಪ್ಪತ್ತರ ವಯಸ್ಸಿಗೆ ಸೇರಿದವರು ನಲವತ್ತರ ಸುಮಾರಿಗೆ ಹೊರಬರುತ್ತಾರೆ. ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದವರಿಗೆ ಪಿಂಚಣಿಯುಂಟು. ಆದರೆ ಮಕ್ಕಳ ಶಿಕ್ಷಣ, ಮನೆ ಸಾಲ ಎಲ್ಲವೂ ಆರಂಭವಾಗುವುದು ಅದೇ ವಯಸ್ಸಿನಲ್ಲಿ. ದುಡಿಯುವ ಇನ್ನೂ ಇಪ್ಪತ್ತು ವರ್ಷಗಳು ಅವರ ಮುಂದಿರುತ್ತವೆ.

2022ರ ಜೂನ್ ತಿಂಗಳಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಿಂದ ಈ ಚಿತ್ರ ಬದಲಾಗಿದೆ. ಅಗ್ನಿವೀರರ ಅವಧಿ ನಾಲ್ಕು ವರ್ಷ. ಅವರಲ್ಲಿ ಶೇಕಡ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಸೇವೆಗೆ ಆರಿಸಿಕೊಳ್ಳಲಾಗುತ್ತದೆಂದು ಯೋಜನೆ ಹೇಳಿತ್ತು. ಉಳಿದವರಿಗೆ ಪಿಂಚಣಿಯಿಲ್ಲ, ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ ದೊರೆಯುತ್ತದೆ. 2022ರ ಕೊನೆ ಹಾಗೂ 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳ ಅವಧಿ 2026ರ ಕೊನೆ ಮತ್ತು 2027ರ ಆರಂಭಕ್ಕೆ ಪೂರ್ಣಗೊಳ್ಳುವ ಲೆಕ್ಕ. ಹೀಗಾಗಿ ನಲವತ್ತರ ಅನುಭವಿಗಳ ಜೊತೆಗೆ ಇಪ್ಪತ್ತೈದರೊಳಗಿನ ತರುಣರೂ ನಮ್ಮ ಬಾಗಿಲಿಗೆ ಬರಲಿದ್ದಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯವರು ಬಂದ ದಿನದಿಂದಲೇ ಹೊಣೆ ಹೊರಬಲ್ಲರು. ಎರಡನೆಯವರಲ್ಲಿ ಶಿಸ್ತಿದೆ, ಬುನಾದಿಯಿದೆ. ಕಸುಬನ್ನು ನಾವೇ ಕಲಿಸಿ ಬೆಳೆಸಬೇಕು.

ಎರಡು ವ್ಯವಸ್ಥೆ, ಎರಡು ಕಾಗದ

ಇಪ್ಪತ್ತು ವರ್ಷ ಹೆಲಿಕಾಪ್ಟರ್ ನೋಡಿಕೊಂಡವರಿಗೆ ನಾಗರಿಕ ಹೆಲಿಕಾಪ್ಟರ್ ಕಂಪನಿಗಳಲ್ಲಿ ತಕ್ಷಣ ಕೆಲಸ ಸಿಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಹಾಗೆ ಸಿಗದಿರಲು ಕಾರಣವಿದೆ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ನಿರ್ಣಯಿಸುವುದು ರಕ್ಷಣಾ ಇಲಾಖೆಯ ವ್ಯವಸ್ಥೆ. ವಿನ್ಯಾಸಕ್ಕೆ ಅಂತಹ ಪ್ರಮಾಣೀಕರಣ ನೀಡುವ ಸೆಮಿಲ್ಯಾಕ್ ಸಂಸ್ಥೆಯು ಬೆಂಗಳೂರಿನಲ್ಲಿಯೇ ಇದೆ. ನಾಗರಿಕ ವಿಮಾನಗಳಾದರೋ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಅಧೀನದಲ್ಲಿವೆ. 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದಿರುವ ಭಾರತೀಯ ವಾಯುಯಾನ ಅಧಿನಿಯಮ ಅವುಗಳಿಗೆ ಅನ್ವಯಿಸುತ್ತದೆ. ನಾಗರಿಕ ಹೆಲಿಕಾಪ್ಟರನ್ನು ಹಾರಾಟಕ್ಕೆ ಬಿಡುಗಡೆ ಮಾಡಿ ಸಹಿ ಹಾಕಬೇಕಾದರೆ ಡಿಜಿಸಿಎ ನೀಡುವ ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿ ಬೇಕು. ಸೈನ್ಯದಲ್ಲಿ ಹಾಕಿದ ಸಹಿಗೆ ಅಲ್ಲಿ ಬೆಲೆಯಿಲ್ಲ.

ಈ ಪರವಾನಗಿಯ ವರ್ಗಗಳನ್ನು ತಿಳಿದಿರುವುದು ಲೇಸು. ಟರ್ಬೈನ್ ಎಂಜಿನ್ನಿನ ಹೆಲಿಕಾಪ್ಟರುಗಳಿಗೆ ಬಿ1.3, ಅದೇ ಬಗೆಯ ಹೆಲಿಕಾಪ್ಟರುಗಳ ಸರಳ ಲೈನ್ ನಿರ್ವಹಣೆಗೆ ಎ3, ಏವಿಯಾನಿಕ್ಸ್ ಕೆಲಸಕ್ಕೆ ಬಿ2. ಟರ್ಬೈನ್ ವಿಮಾನಗಳಿಗೆ ಬಿ1.1. ಗಣಿತ, ಭೌತಶಾಸ್ತ್ರಗಳಿಂದ ಮೊದಲ್ಗೊಂಡು ಬಿಡಿಭಾಗ ಮತ್ತು ಲೋಹಗಳು, ನಿರ್ವಹಣಾ ಪದ್ಧತಿ, ಮಾನವ ಅಂಶಗಳು, ವಿಮಾನಯಾನ ಕಾನೂನುಗಳವರೆಗಿನ ಮಾಡ್ಯೂಲ್‌ಗಳಲ್ಲಿ ಲಿಖಿತ ಪರೀಕ್ಷೆ ಬರೆಯಬೇಕು. ಸೇನೆಯ ಅನುಭವವನ್ನು ತತ್ಸಮಾನವೆಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿದೆ. ಆದರೆ ಅದರ ಮೇಲೆ ನಾಗರಿಕ ನಿರ್ವಹಣಾ ಸಂಸ್ಥೆಯಲ್ಲಿಯೂ ಒಂದಷ್ಟು ಕಾಲ ಕೆಲಸ ಮಾಡಿರಬೇಕು.

ಇಲ್ಲೊಂದು ವ್ಯಾವಹಾರಿಕ ಸಂಗತಿಯಿದೆ. ನಾಗರಿಕ ಕ್ಷೇತ್ರದಲ್ಲಿ ಹೆಲಿಕಾಪ್ಟರುಗಳಿಗಿಂತ ವಿಮಾನ ಕಂಪನಿಗಳ ಉದ್ಯೋಗಗಳೇ ಹೆಚ್ಚು. ಬಿ1.3 ಮತ್ತು ಬಿ1.1ರ ನಡುವೆ ಬಹುತೇಕ ಮಾಡ್ಯೂಲ್‌ಗಳು ಸಮಾನ. ಹೆಲಿಕಾಪ್ಟರಿನ 12ನೆಯ ಮಾಡ್ಯೂಲ್ ಬದಲಿಗೆ ವಿಮಾನದ 11ನೆಯದು ಹಾಗೂ ಪ್ರೊಪೆಲ್ಲರಿಗೆ ಸಂಬಂಧಿಸಿದ 17ನೆಯದು ಬೇಕಾಗುತ್ತವೆ. ಅದಕ್ಕೆ ತಕ್ಕ ಅನುಭವವೂ ಬೇಕು. ಓದುವ ಅಭ್ಯಾಸ ತಪ್ಪುವ ಮುನ್ನ, ಸೇವೆಯ ಕೊನೆಯ ಎರಡು ಮೂರು ವರ್ಷಗಳಲ್ಲಿಯೇ ಇದರ ಸಿದ್ಧತೆ ಮಾಡಿಕೊಂಡವರಿಗೆ ದಾರಿ ಸುಗಮ. ನಿವೃತ್ತಿಯಾದ ಮೇಲೆ ಆರಂಭಿಸಿದರೆ ಸಂಬಳವಿಲ್ಲದ ವರ್ಷಗಳನ್ನು ಕಳೆಯಬೇಕಾಗಿ ಬರಬಹುದು.

ಹೆಲಿಕಾಪ್ಟರ್ ಉದ್ಯಮದ ಅವಕಾಶಗಳು

ಸೇನೆಯ ಹೆಲಿಕಾಪ್ಟರ್ ಅನುಭವದಿಂದ ನಾಗರಿಕ ಉದ್ಯಮ ಬೆಳೆದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಸೈನ್ಯದಲ್ಲಿದ್ದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಮತ್ತು ಸೇನೆಯ ಹೆಲಿಕಾಪ್ಟರ್ ಪೈಲಟ್ ಆಗಿದ್ದ ಕ್ಯಾಪ್ಟನ್ ಕೆ.ಜೆ. ಸ್ಯಾಮುಯೆಲ್ ಜೊತೆಗೂಡಿ ಕಟ್ಟಿದ ಡೆಕ್ಕನ್ ಏವಿಯೇಷನ್ 1997ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಬಾಡಿಗೆ ಹೆಲಿಕಾಪ್ಟರ್ ಸೇವೆ ಆರಂಭಿಸಿತು. 2003ರ ಏರ್ ಡೆಕ್ಕನ್ ಅದೇ ಬೇರಿನಿಂದ ಚಿಗುರಿದ್ದು. ಕೇಂದ್ರ ಸರ್ಕಾರವು 1985ರಲ್ಲಿ ಸ್ಥಾಪಿಸಿದ ಪವನ್ ಹಂಸ್ ಸಂಸ್ಥೆ ಸಮುದ್ರದ ತೈಲಬಾವಿಗಳಿಗೂ ಯಾತ್ರಾಸ್ಥಳಗಳಿಗೂ ಸೇವೆ ಒದಗಿಸುತ್ತ ಬಂದಿದೆ.

ಇಂದು ಹೆಚ್ಚಿನ ಭರವಸೆ ಇರುವುದು ತಯಾರಿಕೆಯಲ್ಲಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆ ಪ್ರದೇಶದಲ್ಲಿ ಎಚ್‌ಎಎಲ್ ನಿರ್ಮಿಸಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಆರಂಭದಲ್ಲಿ ವರ್ಷಕ್ಕೆ 30 ಲಘು ಹೆಲಿಕಾಪ್ಟರುಗಳ ಗುರಿಯನ್ನು ಇಟ್ಟುಕೊಳ್ಳಲಾಗಿದೆ. 2025ರ ಮಾರ್ಚ್ ತಿಂಗಳಲ್ಲಿ ರಕ್ಷಣಾ ಇಲಾಖೆಯು ಸುಮಾರು 62,700 ಕೋಟಿ ರೂಪಾಯಿ ಮೌಲ್ಯದ 156 ‘ಪ್ರಚಂಡ’ ಯುದ್ಧ ಹೆಲಿಕಾಪ್ಟರುಗಳಿಗೆ ಎಚ್‌ಎಎಲ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಇವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಲಿವೆ. ಏರ್‌ಬಸ್‌ನ ಎಚ್125 ಹೆಲಿಕಾಪ್ಟರುಗಳ ಜೋಡಣೆಗೆ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ ಕೋಲಾರ ಜಿಲ್ಲೆಯ ವೇಮಗಲ್ಲನ್ನು ಆರಿಸಿಕೊಂಡಿದೆ. ತುಮಕೂರು ಹೆದ್ದಾರಿಯ ಬಾಯಲ್ಲಿಯೇ ಇರುವ ಪೀಣ್ಯ, ರಾಜಾಜಿನಗರಗಳ ಬಿಡಿಭಾಗ ತಯಾರಕರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಕ್ಷೇತ್ರದಲ್ಲಿ ಒಂದು ಭಾಗದ ದೋಷಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನೂ ಮರೆಯಬಾರದು. 2025ರ ಜನವರಿ 5ರಂದು ಪೋರಬಂದರಿನಲ್ಲಿ ತಟರಕ್ಷಣಾ ಪಡೆಯ ಧ್ರುವ ಹೆಲಿಕಾಪ್ಟರ್ ಅಪಘಾತಕ್ಕೀಡಾಗಿ ಮೂವರು ಮೃತಪಟ್ಟರು. ತನಿಖೆಯು ರೋಟರನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗದ ಮುರಿತದತ್ತ ಬೆರಳು ತೋರಿತು. ದೇಶದ ಧ್ರುವ ಹೆಲಿಕಾಪ್ಟರುಗಳೆಲ್ಲವೂ ತಿಂಗಳುಗಟ್ಟಲೆ ನೆಲದ ಮೇಲೆಯೇ ನಿಂತವು. ಇಂತಹ ಉದ್ಯಮಕ್ಕೆ ಬಿಡಿಭಾಗ ಒದಗಿಸಬಯಸುವ ಘಟಕದಲ್ಲಿ, ಸಣ್ಣದೊಂದು ಗೀರು ಆಕಾಶದಲ್ಲಿ ಏನಾಗಬಲ್ಲುದೆಂದು ಕಂಡವರೊಬ್ಬರು ಇರುವುದು ಎಷ್ಟು ಉಪಯುಕ್ತವೆಂಬುದನ್ನು ಊಹಿಸಬಹುದು. ವಿಮಾನ ಉದ್ಯಮದ ಗ್ರಾಹಕರು ಕೇಳುವ ಎಎಸ್ 9100 ಗುಣಮಟ್ಟ ಪದ್ಧತಿಯ ತಿರುಳು ಸಹ ಇದೇ. ಪ್ರತಿ ತುಂಡಿನ ಮೂಲ ತಿಳಿದಿರಬೇಕು, ಪ್ರತಿ ಹಂತಕ್ಕೂ ಒಬ್ಬರು ಹೊಣೆಗಾರರಿರಬೇಕು. ಅದನ್ನು ಕಡತದಲ್ಲಿ ಬರೆಯುವುದು ಸುಲಭ, ರೂಢಿಗೆ ತರುವುದು ಕಷ್ಟ. ಈ ರೂಢಿಯನ್ನು ಮೈಗೂಡಿಸಿಕೊಂಡೇ ಬಂದವರು ಹ್ಯಾಂಗರಿನ ತಂತ್ರಜ್ಞರು.

ವಿಮಾನಕ್ಕೆ ಸಂಬಂಧವಿಲ್ಲದ ಘಟಕಗಳಲ್ಲಿ

ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿಗೆ ವಿಮಾನ ಉದ್ಯಮದ ಸಂಪರ್ಕವಿಲ್ಲ. ಕಾಮಾಕ್ಷಿಪಾಳ್ಯದ ಪ್ರೆಸ್ ಶಾಪಿಗೂ ಮಾಗಡಿ ರಸ್ತೆಯ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕಕ್ಕೂ ಈ ತಂತ್ರಜ್ಞರು ಹೇಗೆ ಪ್ರಯೋಜನವಾದಾರು? ಹೈಡ್ರಾಲಿಕ್ ಪಂಪು, ವಾಲ್ವು, ಸೀಲುಗಳು ಎಲ್ಲಿಯೂ ಒಂದೇ. ರೋಟರಿನ ಕಂಪನ ಅಳೆದವರಿಗೆ ಬ್ಲೋಯರ್, ಕಂಪ್ರೆಸರ್, ಸ್ಪಿಂಡಲುಗಳ ಕಂಪನ ಹೊಸದಲ್ಲ. ಕೆಟ್ಟ ಮೇಲೆ ರಿಪೇರಿ ಮಾಡಿಸುವುದು ನಮ್ಮ ಶೆಡ್ಡುಗಳ ಪದ್ಧತಿ. ಗಂಟೆಗಳ ಲೆಕ್ಕವಿಟ್ಟು ಕೆಡುವ ಮುನ್ನವೇ ಭಾಗವನ್ನು ಬದಲಾಯಿಸುವುದು ಅವರ ಪದ್ಧತಿ. ವಿನಾಶರಹಿತ ಪರೀಕ್ಷೆ, ಅಳತೆ ಸಾಧನಗಳ ಮಾಪನಾಂಕ ನಿರ್ಣಯ, ಒಳಬರುವ ಸಾಮಗ್ರಿಯ ತಪಾಸಣೆ, ಟೂಲ್ ಸ್ಟೋರಿನ ನಿರ್ವಹಣೆ ಇವೆಲ್ಲವೂ ಅವರಿಗೆ ಒಗ್ಗುವ ಹುದ್ದೆಗಳು.

ಐದಾರು ಕೆಲಸಗಾರರ ಸಣ್ಣ ಘಟಕವು ಪೂರ್ಣಾವಧಿಯ ನಿರ್ವಹಣಾ ತಂತ್ರಜ್ಞರನ್ನು ಇಟ್ಟುಕೊಳ್ಳಲಾರದೆಂಬುದು ನಿಜ. ಅದಕ್ಕೆ ನಮ್ಮದೊಂದು ಸಲಹೆ. ನಿವೃತ್ತ ತಂತ್ರಜ್ಞರು ಇಬ್ಬರು ಮೂವರು ಸೇರಿ ಉದ್ಯಮ್ ನೋಂದಣಿ ಪಡೆದು, ಒಂದು ಬೀದಿಯ ಹತ್ತು ಶೆಡ್ಡುಗಳ ಯಂತ್ರಗಳನ್ನು ವಾರ್ಷಿಕ ನಿರ್ವಹಣಾ ಒಪ್ಪಂದದ ಮೇಲೆ ನೋಡಿಕೊಳ್ಳಬಹುದು. ತಂತ್ರಜ್ಞರಿಗೆ ಸ್ವಂತ ಉದ್ಯಮ, ಘಟಕಗಳಿಗೆ ಕೈಗೆಟಕುವ ಖರ್ಚು.

ಕೊರತೆಗಳನ್ನೂ ಹೇಳಬೇಕು

ಹೊಗಳಿಕೆಯೊಂದೇ ಸಾಲದು. ರಿಪೇರಿ ಬಲ್ಲವರೆಲ್ಲರೂ ಉತ್ಪಾದನೆ ಬಲ್ಲವರಲ್ಲ. ಹ್ಯಾಂಗರಿನಲ್ಲಿ ಒಂದೇ ಯಂತ್ರಕ್ಕೆ ಬೇಕಾದಷ್ಟು ಸಮಯ ಕೊಡಬಹುದು. ಶೆಡ್ಡಿನಲ್ಲಿ ದಿನಕ್ಕೆ ಸಾವಿರ ತುಂಡು ಹೊರಬೀಳಬೇಕು. ಅಲ್ಲಿ ಬಿಡಿಭಾಗ ಸ್ಟೋರಿನಿಂದ ಬರುತ್ತದೆ, ಇಲ್ಲಿ ಮೂರು ಕೊಟೇಷನ್ ತರಿಸಿ, ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಬೇಕು. ಅಲ್ಲಿ ಆದೇಶದಿಂದ ಆಗುವ ಕೆಲಸ ಇಲ್ಲಿ ಮಾತಿನಿಂದ, ಮನವೊಲಿಕೆಯಿಂದ ಆಗಬೇಕು. ಸಿಎನ್‌ಸಿ ಯಂತ್ರ, ಕಂಪ್ಯೂಟರ್ ನಕ್ಷೆಗಳ ಪರಿಚಯವೂ ಹಲವರಿಗೆ ಕಡಿಮೆ. ಈ ಕೊನೆಯ ಕೊರತೆ ತುಂಬಲು ದೂರ ಹೋಗಬೇಕಾಗಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎಂದು ಕರೆಯುವ ಸಂಸ್ಥೆ, ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿಯೇ ಇದೆ.

ನಿವೃತ್ತರಾಗುವವರ ಗಮನಕ್ಕೆ

ಅರ್ಜಿಯಲ್ಲಿ ಹುದ್ದೆಯ ಹೆಸರು, ಯೂನಿಟ್ಟಿನ ಸಂಖ್ಯೆಗಳಿಗಿಂತ ಮಾಡಿದ ಕೆಲಸವನ್ನು ಬರೆಯಿರಿ. ‘ಏರ್‌ಫ್ರೇಮ್ ಫಿಟ್ಟರ್’ ಎಂದಷ್ಟೇ ಬರೆದರೆ ನಮ್ಮಂತಹವರಿಗೆ ತಿಳಿಯದು. ‘ಹೈಡ್ರಾಲಿಕ್ ವ್ಯವಸ್ಥೆಗಳ ದೋಷ ಪತ್ತೆ ಮತ್ತು ದುರಸ್ತಿ, ಇಷ್ಟು ವರ್ಷ, ಇಷ್ಟು ಮಂದಿಯ ಮೇಲ್ವಿಚಾರಣೆ’ ಎಂದು ಬರೆದರೆ ತಿಳಿಯುತ್ತದೆ. ಗೋಪ್ಯ ವಿವರಗಳನ್ನು ಬಿಟ್ಟು ಇಷ್ಟನ್ನು ಹೇಳಲು ಯಾವ ಅಡ್ಡಿಯೂ ಇಲ್ಲ. ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯವು ನಿವೃತ್ತಿಗೆ ಮುನ್ನ ನಡೆಸುವ ತರಬೇತಿಗಳಲ್ಲಿ ನಿಮ್ಮ ಮುಂದಿನ ಗುರಿಗೆ ಹೊಂದುವುದನ್ನು ಆರಿಸಿಕೊಳ್ಳಿ. ಮಾಜಿ ಸೈನಿಕರಿಗೆ ಕೇಂದ್ರದ ಸಾರ್ವಜನಿಕ ಉದ್ಯಮಗಳ ‘ಸಿ’ ವರ್ಗದ ಹುದ್ದೆಗಳಲ್ಲಿ ಶೇಕಡ 14.5ರಷ್ಟು ಮೀಸಲಾತಿಯಿದೆ. ಅಗ್ನಿವೀರರಿಗೆ ರಕ್ಷಣಾ ವಲಯದ 16 ಸಾರ್ವಜನಿಕ ಉದ್ಯಮಗಳಲ್ಲಿ ಶೇಕಡ 10ರಷ್ಟು ಹುದ್ದೆಗಳನ್ನು ಮೀಸಲಿಡುವುದಾಗಿ 2022ರಲ್ಲಿ ಪ್ರಕಟಿಸಲಾಯಿತು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಅವುಗಳಲ್ಲಿ ಸೇರಿವೆ. ಇವುಗಳಿಗೂ ಅರ್ಜಿ ಹಾಕಿರಿ. ಆದರೆ ಅದೊಂದನ್ನೇ ನಂಬಿ ವರ್ಷಗಳನ್ನು ಕಳೆಯದಿರಿ.

ಉದ್ಯಮಿ ಬಾಂಧವರಲ್ಲಿ ವಿನಂತಿ

ಮಾಜಿ ಸೈನಿಕರೊಬ್ಬರ ಅರ್ಜಿ ಬಂದಾಗ ನಾಲ್ಕು ಪ್ರಶ್ನೆ ಕೇಳಿರಿ. ಯಾವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದೀರಿ? ಯಾವ ಕೆಲಸಕ್ಕೆ ಸಹಿ ಹಾಕುವ ಅಧಿಕಾರವಿತ್ತು? ಎಷ್ಟು ಮಂದಿಯನ್ನು ನೋಡಿಕೊಂಡಿದ್ದೀರಿ? ಯಾವ ಅಳತೆ ಸಾಧನಗಳನ್ನು ಬಳಸಬಲ್ಲಿರಿ? ಉತ್ತರ ತೃಪ್ತಿಕರವಾದರೆ ನಿಮ್ಮ ಅತ್ಯಂತ ತಾಪತ್ರಯದ ಯಂತ್ರದ ಮುಂದೆ ಅವರನ್ನು ನಿಲ್ಲಿಸಿ ಅರ್ಧ ದಿನ ನೋಡಿರಿ. ಪಿಂಚಣಿ ಬರುತ್ತದೆಯಲ್ಲ ಎಂದು ಸಂಬಳ ಕಡಿಮೆ ಮಾಡುವುದು ನ್ಯಾಯವಲ್ಲ. ಪಿಂಚಣಿ ಅವರು ದೇಶಕ್ಕೆ ದುಡಿದುದರ ಫಲ, ಸಂಬಳ ನಮಗೆ ದುಡಿಯುವುದರ ಬೆಲೆ. ಸಂಸ್ಥೆಯ ಮಟ್ಟದಲ್ಲಿ, ನಿವೃತ್ತ ತಂತ್ರಜ್ಞರ ಕೌಶಲಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು, ಸೈನಿಕ ಕಲ್ಯಾಣ ಇಲಾಖೆಯೊಡನೆ ವರ್ಷಕ್ಕೊಮ್ಮೆ ಮುಖಾಮುಖಿ ಸಭೆ ನಡೆಸುವುದು ಅಷ್ಟೇನೂ ಖರ್ಚಿನ ಕೆಲಸವಲ್ಲ.

ನಮ್ಮ ಘಟಕದಲ್ಲಿ ಇಂದು ಯಂತ್ರ ನಿರ್ವಹಣೆಯ ಹೊಣೆ ಹೊತ್ತಿರುವವರು ಸೇನೆಯಿಂದ ಬಂದವರೇ. ಪ್ರತಿ ಯಂತ್ರಕ್ಕೂ ಅವರು ಒಂದೊಂದು ಪುಸ್ತಕ ತೂಗುಹಾಕಿದ್ದಾರೆ. ಕೆಲಸ ಮಾಡಿದವರ ಸಹಿ, ಪರೀಕ್ಷಿಸಿದವರ ಸಹಿ ಎರಡೂ ಇಲ್ಲದೆ ಸ್ವಿಚ್ ಹಾಕುವಂತಿಲ್ಲ. ಆರಂಭದಲ್ಲಿ ಹುಡುಗರು ಗೊಣಗಿದರು, ನಾವೂ ಗೊಣಗಿದೆವು. ಈಗ ಆ ಪುಸ್ತಕದಲ್ಲಿ ಸಹಿ ಹಾಕಲು ಅವಕಾಶ ಸಿಗುವುದನ್ನೇ ಹುಡುಗರು ಬಡ್ತಿಯೆಂದು ಭಾವಿಸುತ್ತಾರೆ. ಹದಿನೈದು ವರ್ಷಗಳ ಹಿಂದೆ ನಮಸ್ಕಾರ ಹೇಳಿ ಹೊರಟವರನ್ನು ಕೂರಿಸಿ ಮಾತನಾಡಿಸಿದ್ದರೆ ಈ ಪಾಠ ನಮಗೆ ಅಂದೇ ದೊರೆಯುತ್ತಿತ್ತು.